ತೋಟದ ಮನೆಯ ದುಡ್ಡು, ತಿಂಗಳ ಸಂಬಳದ ದುಡ್ಡು

ಪ್ರಶ್ನೆ: ನಮಸ್ಕಾರ ಸರ್. ನನಗೆ 36, ಗಂಡನಿಗೆ 39. ಇಬ್ಬರೂ ಬೆಂಗಳೂರಲ್ಲಿ ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡುತ್ತೇವೆ. ಇಬ್ಬರ ಸಂಬಳ ಸೇರಿ ತಿಂಗಳಿಗೆ 1,38,000 ರೂಪಾಯಿ ಕೈಗೆ ಬರುತ್ತದೆ. ಬಾಡಿಗೆ 24,000. ಮಗಳು ಎರಡನೇ ಕ್ಲಾಸು. ನನ್ನ ತವರು ತೀರ್ಥಹಳ್ಳಿ ಕಡೆ, ಅಪ್ಪನದು ಎರಡೂವರೆ ಎಕರೆ ಅಡಿಕೆ ತೋಟ. ಮಾವ ಮೈಸೂರಲ್ಲಿ ರಾಜ್ಯ ಸರ್ಕಾರದ ಗುಮಾಸ್ತರಾಗಿದ್ದು ನಿವೃತ್ತರಾದವರು. ನಾನು ವರ್ಷಕ್ಕೊಮ್ಮೆ ಬೋನಸ್ ಬಂದಾಗ ಒಡವೆ ತಗೊಳ್ಳುತ್ತೇನೆ, ಅದು ಗಂಡನಿಗೆ ಆಗುವುದಿಲ್ಲ. ಅವರು 6 ಲಕ್ಷ ಎಫ್‌ಡಿ ಇಟ್ಟಿದ್ದಾರೆ, ಅದನ್ನು ಮುಟ್ಟುವುದಿಲ್ಲ. ಹೋದ ವರ್ಷ ತಮ್ಮನ ಮದುವೆಗೆ ನಾನು 4 ಲಕ್ಷ ಪರ್ಸನಲ್ ಲೋನ್ ಮಾಡಿದೆ. ನೂರಕ್ಕೆ 14 ಬಡ್ಡಿ, ಮೂರು ವರ್ಷದ್ದು, ಇನ್ನೂ ಎರಡು ವರ್ಷ ಕಟ್ಟಬೇಕು. ಎಫ್‌ಡಿ ಮುರಿದು ತೀರಿಸೋಣ ಅಂದರೆ "ಅದು ಮಗಳ ದುಡ್ಡು" ಅನ್ನುತ್ತಾರೆ. ಇದೇ ವಿಷಯಕ್ಕೆ ಎರಡು ವಾರ ಮಾತು ಬಿಟ್ಟಿದ್ದೆವು. ಅವರಿಗೆ ಸೈಟು ತಗೊಳ್ಳುವ ಆಸೆ. ಆದರೆ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ನಮ್ಮಿಬ್ಬರಲ್ಲಿ ಯಾರು ಸರಿ? ಇನ್ನೊಂದು, ಮಗಳ ಕೈಗೆ ಈಗಲೇ ದುಡ್ಡು ಕೊಡಬಹುದಾ?

ಉತ್ತರ: ಇಬ್ಬರೂ ಸರಿ. ಆದರೆ ನೀವು ತೀರ್ಥಹಳ್ಳಿಯಲ್ಲಿ ಸರಿ, ಅವರು ಮೈಸೂರಲ್ಲಿ ಸರಿ. ಸಂಸಾರ ನಡೆಯುತ್ತಿರುವುದು ಬೆಂಗಳೂರಲ್ಲಿ. ತೊಡಕಿರುವುದು ಅಲ್ಲೇ.

ಇದು ಜಾಣತನದ ಉತ್ತರ ಅನ್ನಿಸಿದರೆ ಸ್ವಲ್ಪ ತಾಳಿ, ಬಿಡಿಸಿ ಹೇಳುತ್ತೇನೆ. ನನ್ನ ಮುಂದೆ ಕೂತು ದುಡ್ಡಿನ ಜಗಳ ಹೇಳಿಕೊಳ್ಳುವ ಗಂಡಹೆಂಡಿರಲ್ಲಿ ಲೆಕ್ಕ ಬಾರದವರು ಕಡಿಮೆ. ಇಬ್ಬರಿಗೂ ಲೆಕ್ಕ ಬರುತ್ತದೆ. ಒಬ್ಬೊಬ್ಬರದು ಒಂದೊಂದು ಮನೆಯ ಲೆಕ್ಕ, ಅಷ್ಟೇ.

ಮೊದಲು ನಿಮ್ಮ ತವರಿಗೆ ಹೋಗೋಣ. ತೋಟದ ಮನೆಯಲ್ಲಿ ದುಡ್ಡು ಹೇಗೆ ಬರುತ್ತದೆ ಅನ್ನುವುದು ನಿಮಗೆ ಗೊತ್ತಿರುವುದೇ. ಆದರೂ ಒಮ್ಮೆ ಹೊರಗಿನವರ ಹಾಗೆ ನಿಂತು ನೋಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು. ಮೈಲುತುತ್ತ, ಸುಣ್ಣ, ಕೊನೆಗಾರನ ಕೂಲಿ, ಎಲ್ಲ ಆಗಲೇ ಕೈಯಿಂದ ಹೋಗಬೇಕು. ಮಕ್ಕಳ ಫೀಸು, ಪುಸ್ತಕ, ಕೊಡೆ ಬರುವುದೂ ಅದೇ ಜೂನ್ ತಿಂಗಳಲ್ಲಿ. ದುಡ್ಡು ಬರುವುದು ಮಾತ್ರ ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹೋಗಿ ದರ ಸಿಕ್ಕ ಮೇಲೆ. ಅಲ್ಲಿಯತನಕ ಮಂಡಿಯ ಮುಂಗಡ, ಅಂಗಡಿಯ ಉದ್ರಿ, "ಅಡಿಕೆ ಕೊಟ್ಟ ಮೇಲೆ ಕೊಡ್ತೀನಿ" ಅನ್ನುವ ಮಾತು. ಅದೂ ಸಾಲದೆ ಬಂದರೆ ಅಮ್ಮನ ಬಳೆ ಗಿರವಿಗೆ.

ಹಾಗೆ ಕಾದು ಕಾದು ಒಂದೇ ಸಲ ದೊಡ್ಡ ಮೊತ್ತ ಕೈಗೆ ಬಂದಾಗ ಏನಾಗುತ್ತದೆ? ಊರಿಗೆಲ್ಲ ಗೊತ್ತಾಗುತ್ತದೆ. ಯಾರದೋ ಮನೆಯಲ್ಲಿ ಮದುವೆ, ಯಾರಿಗೋ ಆಸ್ಪತ್ರೆ, ಇನ್ಯಾರಿಗೋ ಕೈಸಾಲ. ಇಲ್ಲ ಅನ್ನುವುದು ಕಷ್ಟ, ಕೊಟ್ಟರೆ ವಾಪಸ್ ಬರುವುದು ಅದಕ್ಕಿಂತ ಕಷ್ಟ. ಅದಕ್ಕೇ ಹೆಂಗಸರು ಒಂದು ಉಪಾಯ ಕಂಡುಕೊಂಡರು. ದುಡ್ಡು ಬಂದ ವಾರವೇ ಅದನ್ನು ಚಿನ್ನ ಮಾಡಿಬಿಡುವುದು. ಕಪಾಟಿನಲ್ಲಿರುವ ನೋಟನ್ನು ಯಾರು ಬೇಕಾದರೂ ಕೇಳುತ್ತಾರೆ, ಕೊರಳಲ್ಲಿರುವ ಸರವನ್ನು ಯಾರೂ ಕೇಳುವುದಿಲ್ಲ. ಮುಂದಿನ ಮಳೆಗಾಲಕ್ಕೆ ಬೇಕಾದರೆ ಅದೇ ಸರ ಬ್ಯಾಂಕಿಗೆ ಹೋಗಿ ಔಷಧಿ ಹೊಡೆಸುವ ಖರ್ಚಾಗುತ್ತದೆ. ಆ ಮನೆಗೆ ಚಿನ್ನವೇ ಬ್ಯಾಂಕು, ಅದೇ ಬೆಳೆವಿಮೆ, "ಇಲ್ಲ" ಅನ್ನುವುದಕ್ಕೆ ಇದ್ದ ನೆಪವೂ ಅದೇ.

ಹಾಗಾಗಿ ಬೋನಸ್ ಬಂದ ತಕ್ಷಣ ನೀವು ಒಡವೆ ಅಂಗಡಿಗೆ ಹೋಗುವುದನ್ನು ದುಂದು ಅಂತ ನಾನು ಕರೆಯುವುದಿಲ್ಲ. ಬೋನಸ್ ನಿಮ್ಮ ಮನಸ್ಸಿಗೆ ಅಡಿಕೆ ದುಡ್ಡು. ನಿಮ್ಮ ಗಂಡನಿಗೆ ಇದನ್ನು ಈ ರೀತಿ ಯಾರೂ ಹೇಳಿರಲಿಕ್ಕಿಲ್ಲ. ಇವತ್ತು ರಾತ್ರಿ ಹೇಳಿ ನೋಡಿ.

ಆದರೆ ಒಂದು ವ್ಯತ್ಯಾಸವಿದೆ. ಅಮ್ಮನಿಗೆ ಎರಡು ಆದಾಯದ ನಡುವೆ ಹತ್ತು ತಿಂಗಳ ಅಂತರವಿತ್ತು. ನಿಮಗಿರುವುದು ಮೂವತ್ತು ದಿನ. ಆ ಅಂತರ ದಾಟಿಸುವ ಕೆಲಸ ನಿಮ್ಮ ಚಿನ್ನಕ್ಕೆ ಇಲ್ಲ. ಜೊತೆಗೆ ಅಂಗಡಿಯಲ್ಲಿ ಕೊಡುವ ದುಡ್ಡೆಲ್ಲ ಚಿನ್ನವಾಗುವುದೂ ಇಲ್ಲ. 1,20,000 ರೂಪಾಯಿಯ ಸರ ಅಂದುಕೊಳ್ಳಿ. ಮಜೂರಿ ನೂರಕ್ಕೆ 12, ಮೇಲೆ ಜಿಎಸ್‌ಟಿ 3 ಅಂತ ಹಿಡಿದರೆ ಸುಮಾರು 16,000 ರೂಪಾಯಿ ಅಂಗಡಿ ಬಾಗಿಲಲ್ಲೇ ಬಿಟ್ಟು ಬಂದ ಹಾಗೆ. ವರ್ಷಾ ವರ್ಷಾ ಬಿಟ್ಟು ಬರುತ್ತಿದ್ದೀರಿ. ಹಾಕಿಕೊಳ್ಳುವ ಸಂತೋಷಕ್ಕೆ ಅಂದರೆ ನನ್ನ ತಕರಾರಿಲ್ಲ, ಸಂತೋಷಕ್ಕೂ ಬೆಲೆಯಿದೆ. ಉಳಿತಾಯ ಅಂತ ಮಾತ್ರ ಅದನ್ನು ಕರೆಯಬೇಡಿ.

ಈಗ ಮೈಸೂರಿನ ಮನೆ. ಒಂದನೇ ತಾರೀಕು ಸಂಬಳ ಬಂತು, ದೇವರ ಮುಂದಿಟ್ಟರು, ಆಮೇಲೆ ಹಾಲಿನವನದು, ಪೇಪರಿನವನದು, ದಿನಸಿ ಅಂಗಡಿಯದು, ಬಾಡಿಗೆ ಅಂತ ಪಾಲು ಹಾಕಿದರು. ನಾನು ನೋಡಿದ ಗುಮಾಸ್ತರ ಮನೆಗಳಲ್ಲಿ ಇದು ಸಾಮಾನ್ಯ. ತಿಂಗಳಾ ತಿಂಗಳಾ ಅಷ್ಟೇ ಬರುತ್ತದೆ, ಅಷ್ಟರಲ್ಲೇ ನಡೆಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತನ್ನು ಆ ಮನೆಯವರು ಗಾದೆ ಅಂತ ಹೇಳುತ್ತಿರಲಿಲ್ಲ, ಹಾಗೆ ಬದುಕುತ್ತಿದ್ದರು. ಸಾಲ ಅಂದರೆ ಮಾನ ಹೋದ ಹಾಗೆ. ಉಳಿದ ದುಡ್ಡು ಎಫ್‌ಡಿಗೆ, ಎಲ್‌ಐಸಿಗೆ, ಪಿಪಿಎಫ್ ಅನ್ನುವ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆಗೆ. ಇಟ್ಟ ಮೇಲೆ ಮುಟ್ಟುವ ಹಾಗಿಲ್ಲ.

ಆ ಪದ್ಧತಿ ಅವರಿಗೆ ಒಳ್ಳೆಯದನ್ನೇ ಮಾಡಿತು. ಯಾಕೆ ಅಂತ ನಿಮ್ಮ ಗಂಡ ಒಮ್ಮೆ ಯೋಚಿಸಬೇಕು. ಪಿಪಿಎಫ್‌ಗೆ 1986ರಿಂದ 2000ದ ಜನವರಿತನಕ ನೂರಕ್ಕೆ 12ರ ಬಡ್ಡಿ ಇತ್ತು. ಇಟ್ಟ ದುಡ್ಡು ಆರು ವರ್ಷಕ್ಕೆ ಎರಡರಷ್ಟು. 2020ರ ಏಪ್ರಿಲ್‌ನಲ್ಲಿ ಅದು 7.1ಕ್ಕೆ ಇಳಿಯಿತು. ಆ ದರದಲ್ಲಿ ಎರಡರಷ್ಟಾಗಲು ಹತ್ತು ವರ್ಷ ಬೇಕು. ಆಗ ಸಾಮಾನಿನ ಬೆಲೆಯೂ ಜೋರಾಗಿ ಏರುತ್ತಿತ್ತು, ಅದೂ ನಿಜ. ಅದಕ್ಕಿಂತ ದೊಡ್ಡ ವಿಷಯ ಪಿಂಚಣಿ. ರಾಜ್ಯ ಸರ್ಕಾರದ ಕೆಲಸಕ್ಕೆ 2006ರ ಏಪ್ರಿಲ್ 1ಕ್ಕಿಂತ ಮುಂಚೆ ಸೇರಿದವರಿಗೆ ಹಳೇ ಪಿಂಚಣಿ. ಪೂರ್ತಿ ಸರ್ವಿಸ್ ಆಗಿದ್ದರೆ ಕೊನೆಯ ಮೂಲ ಸಂಬಳದ ಅರ್ಧ. ಬೆಲೆ ಏರಿದ ಹಾಗೆ ತುಟ್ಟಿಭತ್ಯೆ ಏರುತ್ತದೆ. ಅವರ ನಂತರ ಹೆಂಡತಿಗೆ ಕುಟುಂಬ ಪಿಂಚಣಿ. ಅಂದರೆ ಮಾವನವರ ಮುದಿತನವನ್ನು ಹೊತ್ತಿರುವುದು ಪಿಂಚಣಿ. ಎಫ್‌ಡಿ ಅದರ ಮೇಲಿನ ಕೆನೆ.

ಮಗ ಕೆನೆಯನ್ನು ಮಾತ್ರ ಕಲಿತಿದ್ದಾರೆ. ಹಾಲು ಅವರ ಪಾಲಿಗೆ ಬಂದಿಲ್ಲ. ಖಾಸಗಿ ಕೆಲಸದಲ್ಲಿ ಪಿಎಫ್ ಜೊತೆಗೆ ಬರುವ ಇಪಿಎಸ್ ಪಿಂಚಣಿಯನ್ನು, 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ 15,000 ರೂಪಾಯಿಯ ಸಂಬಳ ಮಿತಿಯ ಮೇಲೆ ಲೆಕ್ಕ ಹಾಕಿ ನೋಡಿ. ಮೂವತ್ತೈದು ವರ್ಷ ದುಡಿದರೂ ತಿಂಗಳಿಗೆ 7,500ರ ಆಸುಪಾಸು. ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ. "ಎಫ್‌ಡಿ ಇದೆಯಲ್ಲ, ಇನ್ನೇನು ಭಯ" ಅನ್ನುವ ಅಪ್ಪನ ಧೈರ್ಯ ಮಗನಿಗೂ ಬಂದಿದೆ. ಆ ಧೈರ್ಯದ ಕೆಳಗಿದ್ದ ನೆಲ ಮಾತ್ರ ಬಂದಿಲ್ಲ.

ನನ್ನದೇ ಒಂದು ಕತೆ ಹೇಳುತ್ತೇನೆ. ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. 1996ರಲ್ಲಿ ಒಂದು ತುಂಡು ಗದ್ದೆ ಮಾರಿ ಬಂದ 80,000 ರೂಪಾಯಿಯನ್ನು ಒಂದು ಫೈನಾನ್ಸ್ ಕಂಪನಿಯಲ್ಲಿ ಇಟ್ಟರು. ಬ್ಲೇಡ್ ಕಂಪನಿ ಅಂತ ಜನ ಕರೆಯುತ್ತಿದ್ದದ್ದು ಅಂಥವನ್ನೇ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಹತ್ತು ತಿಂಗಳು ಸರಿಯಾಗಿ ಬಂತು. ಆಮೇಲೆ ಬಾಗಿಲು ಹಾಕಿತು. ಅಪ್ಪ ಪ್ರತಿ ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಸ್ಸು ಹತ್ತಿ ಹೋಗಿ ಆ ಶಟರ್ ಮುಂದೆ ನಿಂತು ಬರುತ್ತಿದ್ದರು. ನಾನೂ ಎರಡು ಸಲ ಜೊತೆಗೆ ಹೋಗಿದ್ದೆ. ಬೀಗಕ್ಕೆ ಅರಗು ಹಾಕಿ ಬಟ್ಟೆ ಸುತ್ತಿತ್ತು. ಅಪ್ಪ ಆ ಬಟ್ಟೆಯನ್ನು ಮುಟ್ಟಿ ನೋಡುತ್ತಿದ್ದರು, ಏನೂ ಮಾತಾಡುತ್ತಿರಲಿಲ್ಲ.

ನನಗೆ ಕೆಲಸ ಸಿಕ್ಕ ಮೇಲೆ ಹದಿನಾಲ್ಕು ವರ್ಷ ಪೋಸ್ಟ್ ಆಫೀಸು ಬಿಟ್ಟು ಬೇರೆಲ್ಲೂ ಒಂದು ರೂಪಾಯಿ ಇಡಲಿಲ್ಲ. ಆಗಲೇ ಬೇರೆಯವರಿಗೆ ದುಡ್ಡಿನ ಬುದ್ಧಿ ಹೇಳುವ ಕೆಲಸ ನನ್ನದು! ಕೇಳಿದವರಿಗೆಲ್ಲ ಸ್ವಲ್ಪ ಷೇರೂ ಇರಲಿ ಅನ್ನುತ್ತಿದ್ದೆ. ಮನೆಗೆ ಬಂದು ಆರ್‌ಡಿ ಕಟ್ಟುತ್ತಿದ್ದೆ. ಗೊತ್ತಿರುವುದು ಒಂದು, ನಂಬುವುದು ಇನ್ನೊಂದು. ಕೈ ಹೋಗುವುದು ನಂಬಿಕೆಯ ಕಡೆಗೆ.

ಉಲ್ರಿಕೆ ಮಾಲ್ಮೆಂಡಿಯರ್, ಸ್ಟೆಫಾನ್ ನಾಗೆಲ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ಅಳೆದು ನೋಡಿದರು. ಅಮೆರಿಕದ ಮನೆಗಳ 1960ರಿಂದ 2007ರವರೆಗಿನ ಮಾಹಿತಿ ತಗೊಂಡು 2011ರಲ್ಲಿ ಪ್ರಕಟಿಸಿದರು. ಬದುಕಿನಲ್ಲಿ ಷೇರುಪೇಟೆ ಬಿದ್ದದ್ದನ್ನೇ ಜಾಸ್ತಿ ಕಂಡವರು ಮುಂದೆಯೂ ಅದರಿಂದ ದೂರ ಇರುತ್ತಾರೆ. ಕೈಯಲ್ಲಿ ದುಡ್ಡಿದ್ದರೂ ಅಷ್ಟೇ. ಓದಿ ತಿಳಿದುಕೊಂಡದ್ದಕ್ಕಿಂತ ಸ್ವತಃ ಅನುಭವಿಸಿದ್ದು ಗಟ್ಟಿಯಾಗಿ ಕೂರುತ್ತದೆ. ಆ ಲೇಖನ ಓದಿದ ದಿನ ನನಗೆ ನೆನಪಾದದ್ದು ಅರಗು ಹಾಕಿದ ಆ ಬೀಗ.

ಇನ್ನು ನಿಮ್ಮ ಜಗಳದ ವಸ್ತು, ಎಫ್‌ಡಿ ಮತ್ತು ಲೋನು. ಒಂದೇ ಮನೆಯಲ್ಲಿ ನೂರಕ್ಕೆ 14 ಕೊಟ್ಟು ಸಾಲ ಇಟ್ಟುಕೊಂಡು, ನೂರಕ್ಕೆ 7 ಬರುತ್ತದೆ ಅಂತ ನಾನು ಹಿಡಿದಿರುವ ಠೇವಣಿಯನ್ನೂ ಇಟ್ಟುಕೊಂಡಿದ್ದೀರಿ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇಂಥ ನಡವಳಿಕೆಯ ಬಗ್ಗೆ ದಶಕಗಟ್ಟಲೆ ಬರೆದಿದ್ದಾರೆ. ಎಲ್ಲ ರೂಪಾಯಿಯೂ ಒಂದೇ ರೂಪಾಯಿ. ಆದರೆ ಮನಸ್ಸು ಒಂದೊಂದಕ್ಕೂ ಬೇರೆ ಡಬ್ಬಿ ಇಟ್ಟುಕೊಳ್ಳುತ್ತದೆ. ಸಾಸಿವೆ ಡಬ್ಬಿಯ ದುಡ್ಡು ಬೇರೆ, ದೇವರ ಹುಂಡಿಯದು ಬೇರೆ, ಮಗಳದು ಬೇರೆ. ನಮ್ಮ ಅಜ್ಜಿಯರಿಗೆ ಇದು ನೊಬೆಲ್ ಇಲ್ಲದೆಯೇ ಗೊತ್ತಿತ್ತು.

ಲೆಕ್ಕ ಹಾಕೋಣ. 4 ಲಕ್ಷಕ್ಕೆ ಮೂರು ವರ್ಷದ ಕಂತು ತಿಂಗಳಿಗೆ ಸುಮಾರು 13,670. ಒಂದು ವರ್ಷ ಕಟ್ಟಿದ್ದೀರಿ, ಅಸಲು ಇನ್ನೂ ಸುಮಾರು 2,85,000 ಬಾಕಿ. ಎಫ್‌ಡಿಯಿಂದ ಅಷ್ಟು ತೆಗೆದು ಸಾಲ ತೀರಿಸಿ, ಆಮೇಲೆ ಅದೇ 13,670ನ್ನು ನೂರಕ್ಕೆ 7ರ ಆರ್‌ಡಿಗೆ ಕಟ್ಟಿದರೆ, ಎರಡು ವರ್ಷದ ಕೊನೆಗೆ ಈಗಿನ ದಾರಿಗಿಂತ 23,000ದಷ್ಟು ಜಾಸ್ತಿ ಇರುತ್ತದೆ. ನಾನು ಗೆದ್ದೆ ಅನ್ನಬೇಡಿ, ತಡೆಯಿರಿ. ಪರ್ಸನಲ್ ಲೋನ್ ಅವಧಿಗೆ ಮುಂಚೆ ಮುಗಿಸಿದರೆ ಶುಲ್ಕವಿರಬಹುದು. ನೂರಕ್ಕೆ 3 ಮತ್ತು ಜಿಎಸ್‌ಟಿ ಅಂದರೆ 10,000 ರೂಪಾಯಿ. ಎಫ್‌ಡಿ ಅರ್ಧಕ್ಕೆ ಮುರಿದದ್ದಕ್ಕೆ ಬಡ್ಡಿಯಲ್ಲಿ ಎರಡು ಮೂರು ಸಾವಿರ ಕಡಿತ. ಉಳಿಯುವುದು ಹತ್ತು ಸಾವಿರ ಚಿಲ್ಲರೆ, ಎರಡು ವರ್ಷಕ್ಕೆ.

ಹತ್ತು ಸಾವಿರಕ್ಕೆ ಎರಡು ವಾರ ಮಾತು ಬಿಟ್ಟಿರಾ? ಇಲ್ಲ. ನೀವು ಕೇಳುತ್ತಿದ್ದದ್ದು "ನನ್ನ ತವರಿನ ಸಾಲ ನಿಮ್ಮದೂ ಅಲ್ವಾ" ಅಂತ. ಅವರು ಹೇಳುತ್ತಿದ್ದದ್ದು "ನನ್ನ ಮಗಳಿಗೆ ಅಂತ ಇರುವುದು ಇದೊಂದೇ" ಅಂತ. ಎಫ್‌ಡಿ ಸುಮ್ನೆ ನೆಪವಾಗಿ ಸಿಕ್ಕಿತು.

ಎಫ್‌ಡಿ ಮುರಿಯದೆ ಇನ್ನೊಂದು ದಾರಿಯಿದೆ. ಅದರ ಮೇಲೆ ಸಾಲ ತಗೊಳ್ಳುವುದು. ಬ್ಯಾಂಕುಗಳು ಸಾಮಾನ್ಯವಾಗಿ ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಜಾಸ್ತಿಗೆ ಕೊಡುತ್ತವೆ. 8.5ಕ್ಕೆ ಸಿಕ್ಕಿತು ಅಂತ ಹಿಡಿದರೆ, ಶುಲ್ಕ ಕಳೆದು ಏಳು ಸಾವಿರದಷ್ಟು ಉಳಿಯುತ್ತದೆ. ಲಾಭ ಸ್ವಲ್ಪ ಕಮ್ಮಿ. ಆದರೆ ಎಫ್‌ಡಿ ಇದ್ದಲ್ಲೇ ಇರುತ್ತದೆ, ನಿಮ್ಮ ಗಂಡ ರಾತ್ರಿ ನಿದ್ದೆ ಮಾಡುತ್ತಾರೆ. ನನ್ನನ್ನು ಕೇಳಿದರೆ ಇದೇ ಮಾಡಿ. ನಂಬಿಕೆಯನ್ನು ಲೆಕ್ಕದಿಂದ ಸೋಲಿಸಲು ಹೋದವರು ಗೆದ್ದದ್ದನ್ನು ನಾನು ನೋಡಿಲ್ಲ.

ತಮ್ಮನ ಮದುವೆಯ ಸಾಲದ ಬಗ್ಗೆ ಒಂದು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಕ್ಲಾಂಟ್ಸ್ ಮತ್ತು ಜೊತೆಗಾರರು 2011ರಲ್ಲಿ 422 ಜನರನ್ನು ಕೇಳಿ ದುಡ್ಡಿನ ನಂಬಿಕೆಗಳನ್ನು ನಾಲ್ಕು ಗುಂಪು ಮಾಡಿದರು. ದುಡ್ಡು ಕೆಟ್ಟದ್ದು, ನನಗೆ ತಕ್ಕದ್ದಲ್ಲ ಅನ್ನುವವರು. ದುಡ್ಡೊಂದಿದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರು. ಎಷ್ಟಿದೆಯೋ ಅಷ್ಟೇ ನನ್ನ ಮರ್ಯಾದೆ ಅನ್ನುವವರು. ದುಡ್ಡನ್ನು ಕಾಯಬೇಕು, ಗುಟ್ಟಾಗಿಡಬೇಕು ಅನ್ನುವವರು. ಮೊದಲ ಮೂರು ಗುಂಪಿನವರ ಹತ್ತಿರ ಆಸ್ತಿ ಕಡಿಮೆಯೇ ಇತ್ತು. ಕೆಲಸಕ್ಕೆ ಬರುವ ಪಟ್ಟಿಯೇ. ಆದರೆ ನಮ್ಮ ಮನೆಗಳಿಗೆ ಈ ನಾಲ್ಕು ಸಾಲುವುದಿಲ್ಲ. ಐದನೆಯದು ಬೇಕು: ಋಣ.

ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದುಕೊಳ್ಳುತ್ತಾರೆ. 501 ಅಂತ ಬರೆಸಿದವರ ಮನೆ ಮದುವೆಗೆ ನೀವು 501ಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ನಿಮ್ಮ ಮನಸ್ಸಿನಲ್ಲೂ ಅಂಥದ್ದೊಂದು ಪುಸ್ತಕ ಇರಬೇಕು. ನೀವು ಓದಿದ್ದು ತೋಟದ ದುಡ್ಡಲ್ಲಿ, ತೋಟದ ಕೆಲಸಕ್ಕೆ ನಿಂತವನು ತಮ್ಮ. ಪತ್ರದಲ್ಲಿ ಹೀಗೆ ಬರೆದಿಲ್ಲ, ಊಹೆ ನನ್ನದು. ಹಾಗಿದ್ದರೆ ಆ 4 ಲಕ್ಷವನ್ನು ತಪ್ಪು ಖರ್ಚು ಅನ್ನುವ ಮನಸ್ಸು ನನಗಿಲ್ಲ. ಒಂದೇ ಸಲ, ಹೇಳದೆ ಕೇಳದೆ, ದುಬಾರಿ ಬಡ್ಡಿಗೆ ತಂದದ್ದು ತಪ್ಪು. ಅದರ ಬದಲು ತಿಂಗಳ ಪಟ್ಟಿಯಲ್ಲಿ "ತವರು" ಅಂತ ಒಂದು ಸಾಲು ಬರಲಿ. ಮೂರು ಸಾವಿರವೋ ನಾಲ್ಕೋ, ಇಬ್ಬರೂ ಒಪ್ಪಿ ಬರೆದದ್ದು. ನಿಮ್ಮ ಅತ್ತೆಮಾವನಿಗೂ ಒಂದು ಸಾಲಿರಲಿ, ಪಿಂಚಣಿ ಇದ್ದರೂ. ಬರೆದಿಟ್ಟ ಋಣ ಜಗಳ ತರುವುದು ಕಡಿಮೆ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಜಾಸ್ತಿ ಕಣ್ಣಿಗೆ ಬಿದ್ದದ್ದು ಅದೇ.

1,38,000ದಲ್ಲಿ ಬಾಡಿಗೆ 24,000, ಕಂತು 13,670 ಕಳೆಯಿರಿ. ಲಕ್ಷ ರೂಪಾಯಿ ಉಳಿಯಿತು. ಸ್ಕೂಲ್ ಫೀಸು, ದಿನಸಿ, ಹಾಲು, ಕರೆಂಟು, ಪೆಟ್ರೋಲು, ಕೆಲಸದವರ ಸಂಬಳ ಎಲ್ಲ ಸೇರಿ ಧಾರಾಳವಾಗಿ 55,000 ಹಾಕಿ. ಇನ್ನೂ 45,000 ಇರಬೇಕು. ಅದೆಲ್ಲಿ ಹೋಗುತ್ತದೆ? ವರ್ಷಕ್ಕೆ 5,40,000 ಆಯಿತು. ನಿಮ್ಮ ಸಾಲಕ್ಕಿಂತ ದೊಡ್ಡ ಮೊತ್ತ, ಎಫ್‌ಡಿಯ ಹತ್ತಿರ ಹತ್ತಿರ. ಅದರ ಬಗ್ಗೆ ನಿಮ್ಮಿಬ್ಬರಿಗೂ ಜಗಳವೇ ಇಲ್ಲ!

ಯಾಕೆ ಇಲ್ಲ ಅಂದರೆ, ಅದು ಸೋರುವ ಜಾಗ ತೀರ್ಥಹಳ್ಳಿಯ ಮನೆಯಲ್ಲೂ ಇರಲಿಲ್ಲ, ಮೈಸೂರಿನ ಮನೆಯಲ್ಲೂ ಇರಲಿಲ್ಲ. ಹಿರಿಯರು ನಮಗೆ ಕೊಟ್ಟ ನಂಬಿಕೆಗಳು ಕಾವಲುಗಾರರಿದ್ದ ಹಾಗೆ. ತಮ್ಮ ಕಾಲದ ಬಾಗಿಲುಗಳಲ್ಲಿ ಅವರನ್ನು ನಿಲ್ಲಿಸಿದರು. ಕೈಸಾಲ ಕೇಳುವವನ ಬಾಗಿಲಲ್ಲಿ ನಿಮ್ಮ ಚಿನ್ನ ನಿಂತಿದೆ, ಸಾಲ ಕೊಡುವವನ ಬಾಗಿಲಲ್ಲಿ ಅವರ ಎಫ್‌ಡಿ ನಿಂತಿದೆ. ಫೋನಿನ ಬಾಗಿಲಲ್ಲಿ ಯಾರೂ ಇಲ್ಲ.

ನಿಮ್ಮ ಅಮ್ಮ ಮಂಗಳವಾರ, ಶುಕ್ರವಾರ ದುಡ್ಡು ಕೊಡುತ್ತಿರಲಿಲ್ಲ ಅಲ್ವಾ? ದೀಪ ಹಚ್ಚಿದ ಮೇಲಂತೂ ಇಲ್ಲವೇ ಇಲ್ಲ. ಲಕ್ಷ್ಮಿ ಹೊರಗೆ ಹೋಗುತ್ತಾಳೆ ಅನ್ನುತ್ತಿದ್ದರು. ಲಕ್ಷ್ಮಿಯ ವಿಷಯ ಏನೇ ಇರಲಿ, ವಾರಕ್ಕೆ ಎರಡು ದಿನ, ಉಳಿದ ದಿನ ಸಂಜೆಯ ಮೇಲೆ ಗಲ್ಲಾಪೆಟ್ಟಿಗೆ ಬಂದ್. ಆ ಹೊತ್ತಿನಲ್ಲಿ ಹುಟ್ಟಿದ ಆಸೆ ಬೆಳಗಾಗುವಷ್ಟರಲ್ಲಿ ಆರಿಹೋಗುತ್ತಿತ್ತು. ಈಗ ರಾತ್ರಿ ಒಂಬತ್ತೂವರೆಗೆ ಮಗಳು ಮಲಗಿದ ಮೇಲೆ ಸೋಫಾದ ಎರಡು ತುದಿಯಲ್ಲಿ ಇಬ್ಬರೂ ಎರಡು ಫೋನು ಹಿಡಿದು ಕೂರುತ್ತೀರಿ. ಫೋನಿಗೆ ಶುಕ್ರವಾರವೂ ಇಲ್ಲ, ದೀಪ ಹಚ್ಚುವ ಹೊತ್ತೂ ಇಲ್ಲ.

ನೋಟು ಎಣಿಸಿ ಕೊಡುವಾಗ ಆಗುವ ಸಣ್ಣ ಸಂಕಟ ಬೇರೆ ರೀತಿ ಕೊಟ್ಟಾಗ ಆಗುವುದಿಲ್ಲ. ಡ್ರೇಜನ್ ಪ್ರೆಲೆಕ್, ಡಂಕನ್ ಸಿಮೆಸ್ಟರ್ ಅನ್ನುವ ಎಂಐಟಿ ಪ್ರಾಧ್ಯಾಪಕರು 2001ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜು ಹಾಕಿದರು. ಕ್ರೆಡಿಟ್ ಕಾರ್ಡಲ್ಲಿ ಕೊಡಬೇಕು ಅಂತ ತಿಳಿದವರು ನಗದು ಕೊಡಬೇಕಾದವರಿಗಿಂತ ಎರಡರಷ್ಟಕ್ಕಿಂತಲೂ ಜಾಸ್ತಿ ಕೂಗಿದರು. ಯುಪಿಐ ಬಂದದ್ದು 2016ರಲ್ಲಿ. ಅದರ ಮೇಲೆ ಗಾದೆ ಹುಟ್ಟುವಷ್ಟು ಕಾಲ ಇನ್ನೂ ಆಗಿಲ್ಲ.

ಹಾಗಾದರೆ ಏನು ಮಾಡಬೇಕು? ಒಂದು ಭಾನುವಾರ ಬೆಳಿಗ್ಗೆ, ತಿಂಡಿ ಆದ ಮೇಲೆ, ಇಬ್ಬರ ಖಾತೆಯ ಮೂರು ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ಮಾಡಿಸಿ ಕೂರಿ. ಫೋನಲ್ಲಿ ನೋಡಬೇಡಿ, ಕಾಗದದಲ್ಲೇ ನೋಡಿ. ಇಬ್ಬರೂ ಪೆನ್ನು ಅದಲು ಬದಲು ಮಾಡಿಕೊಂಡು 500ಕ್ಕಿಂತ ಕಡಿಮೆ ಇರುವ ಎಲ್ಲ ಸಾಲಿಗೂ ಗೆರೆ ಎಳೆಯುತ್ತಾ ಹೋಗಿ. ಅವುಗಳ ಮೊತ್ತ ಕೂಡಿ. ನನ್ನ ಹತ್ತಿರ ಬಂದವರಲ್ಲಿ ಆ ಮೊತ್ತ ನೋಡಿ ನಗದವರು ಕಡಿಮೆ, ಅದು ಖುಷಿಯ ನಗು ಅಲ್ಲ. ಅವತ್ತು ಚಿನ್ನದ ಸುದ್ದಿ, ಎಫ್‌ಡಿ ಸುದ್ದಿ ಎತ್ತಬಾರದು ಅಂತ ಮೊದಲೇ ಒಪ್ಪಿಕೊಳ್ಳಿ.

ಆಮೇಲಿನ ಕೆಲಸಕ್ಕೆ ನಮ್ಮ ಕರಾವಳಿಯವರು ಸುಮಾರು ನೂರು ವರ್ಷದ ಹಿಂದೆಯೇ ಒಂದು ದಾರಿ ತೋರಿಸಿದ್ದಾರೆ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಮತ್ತು ಜೊತೆಗಾರರು ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತಗೊಂಡು ಹೋಗುತ್ತಿದ್ದರು. ನೇಕಾರರು, ಮೀನು ಮಾರುವವರು ಬ್ಯಾಂಕಿಗೆ ಬರುವುದಿಲ್ಲ, ಬ್ಯಾಂಕೇ ಹೋಗಲಿ ಅನ್ನುವ ಯೋಚನೆ. ನಮ್ಮಮ್ಮ ಪಿಗ್ಮಿಯವರಿಗೆ ಅಂತ ಎರಡು ರೂಪಾಯಿಯನ್ನು ಬೆಳಿಗ್ಗೆಯೇ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಡುತ್ತಿದ್ದರು. ಐಸ್‌ಕ್ಯಾಂಡಿಗೆ ಕೇಳಿದರೆ "ಅದು ನಮ್ಮ ದುಡ್ಡಲ್ಲ, ಪಿಗ್ಮಿಯವರದ್ದು" ಅನ್ನುತ್ತಿದ್ದರು. ದುಡ್ಡು ಅವರದ್ದೇ. ಆದರೆ ಹಾಗಂತ ನಂಬಿದ್ದರಿಂದ ಅದು ಉಳಿಯಿತು.

ನೀವೂ ಅಂಥ ಒಂದು ಪಿಗ್ಮಿ ಮಾಡಿಕೊಳ್ಳಿ. ಸಂಬಳ ಬಂದ ಮರುದಿನ 30,000 ರೂಪಾಯಿ ತಾನಾಗಿ ಬೇರೆ ಖಾತೆಗೆ ಹೋಗಲಿ. ಆ ಖಾತೆಗೆ ಯುಪಿಐ ಜೋಡಿಸಬೇಡಿ. ಸೋರುವ 45,000ದಲ್ಲಿ ಮೂರರಲ್ಲಿ ಎರಡು ಪಾಲು ಹಿಡಿದೆವು, ಉಳಿದ 15,000 ಬಿಟ್ಟುಬಿಡಿ. ಮಸಾಲೆ ದೋಸೆಗೂ ಲೆಕ್ಕ ಕೇಳುವ ಬಜೆಟ್ ಎರಡು ತಿಂಗಳು ಬಾಳುವುದಿಲ್ಲ.

ಆ 30,000 ಎಲ್ಲಿಗೆ ಅನ್ನುವುದನ್ನು ನಿಮ್ಮ ಗಂಡನ ಸೈಟಿನಿಂದ ಶುರು ಮಾಡೋಣ. ಸೈಟು ಬೇಕು ಅಂತ ವರ್ಷಗಳಿಂದ ಹೇಳುತ್ತಿರಬೇಕು, ಆದರೆ ಎಲ್ಲಿ, ಯಾವಾಗ, ಎಷ್ಟಕ್ಕೆ ಅಂತ ಪತ್ರದಲ್ಲಿ ಇಲ್ಲ. ಅವರು ಬೆಳೆದದ್ದು ಬಾಡಿಗೆ ಮನೆಯಲ್ಲೋ ಕ್ವಾರ್ಟರ್ಸ್‌ನಲ್ಲೋ ಅಂತ ಒಮ್ಮೆ ಕೇಳಿ. ಉತ್ತರದಲ್ಲಿ ಆ ಆಸೆಯ ಬೇರು ಸಿಗಬಹುದು. ನಮ್ಮ ದೇಶಕ್ಕೇ ಆ ಆಸೆಯಿದೆ. ರಿಸರ್ವ್ ಬ್ಯಾಂಕಿನ ಗೃಹ ಹಣಕಾಸು ಸಮಿತಿಯ 2017ರ ವರದಿಯ ಪ್ರಕಾರ ಸರಾಸರಿ ಭಾರತೀಯ ಕುಟುಂಬದ ಆಸ್ತಿಯಲ್ಲಿ ನೂರಕ್ಕೆ 84 ಭಾಗ ಮನೆ, ಜಮೀನು, ಇತರ ವಸ್ತುಗಳಲ್ಲಿದೆ. 11 ಚಿನ್ನದಲ್ಲಿ. ಬ್ಯಾಂಕು, ವಿಮೆ, ಷೇರು, ಪಿಂಚಣಿ ಎಲ್ಲ ಸೇರಿ 5. ನಿಮ್ಮ ಮನೆಯಲ್ಲಿ 11ರ ವಕೀಲರು ನೀವು, 84ರ ವಕೀಲರು ಅವರು.

ಸೈಟಿಗೆ ಕೈಯಿಂದ ಹಾಕಬೇಕಾದ ಮೊತ್ತ 15 ಲಕ್ಷ, ಐದು ವರ್ಷಕ್ಕೆ ಅಂತ ಬರೆದುಕೊಳ್ಳಿ. ನೂರಕ್ಕೆ 7ರ ಲೆಕ್ಕದಲ್ಲಿ ತಿಂಗಳಿಗೆ 21,000 ಬೇಕು. ಈ ಅಂಕಿ ಕಣ್ಣೆದುರು ಬಂದ ಮೇಲೂ ಬೇಕು ಅನ್ನಿಸಿದರೆ ಅದು ಅವರದೇ ಆಸೆ, ಮುಂದುವರಿಸಿ. ಅಷ್ಟು ಬೇಡಪ್ಪ ಅನ್ನಿಸಿದರೆ ಅದು ಯಾರದೋ ಬಾಯಿಂದ ಬಂದ ಆಸೆ. ತವರಿಗೆ 3,000. ಉಳಿದ 6,000 ನಿವೃತ್ತಿಗೆ, ಇಂಡೆಕ್ಸ್ ಫಂಡಿನಲ್ಲಿ ಎಸ್‌ಐಪಿ. ಅಂದರೆ ಷೇರುಪೇಟೆಯ ಸೂಚ್ಯಂಕವನ್ನೇ ಅನುಸರಿಸುವ ಫಂಡಿಗೆ ತಿಂಗಳಾ ತಿಂಗಳಾ ಕಟ್ಟುವುದು. ಇದನ್ನು ಹದಿನೈದು ವರ್ಷ ಮುಟ್ಟಬಾರದು. ಮುಟ್ಟದೆ ಇರುವುದು ನಿಮ್ಮ ಗಂಡನಿಗೆ ಹುಟ್ಟಿನಿಂದ ಬಂದ ವಿದ್ಯೆ, ಅವರೇ ನೋಡಿಕೊಳ್ಳಲಿ. ಎರಡು ವರ್ಷದ ನಂತರ ಲೋನು ಮುಗಿದಾಗ ಆ ಕಂತಿನ ದುಡ್ಡೂ ಇಲ್ಲಿಗೇ ಬರಬೇಕು. ಮುಂದಿನ ಇನ್ಕ್ರಿಮೆಂಟುಗಳ ಅರ್ಧವೂ. ಅದೇ ಥೇಲರ್ ಮತ್ತು ಅವರ ಜೊತೆಗಾರ ಅರ್ಥಶಾಸ್ತ್ರಜ್ಞ ಶ್ಲೋಮೊ ಬೆನಾರ್ಟ್ಜಿ ಒಂದು ಕಂಪನಿಯ ನೌಕರರಿಗೆ ಹೀಗೆ ಹೇಳಿಕೊಟ್ಟಿದ್ದರು. ಈಗ ಏನೂ ಕಡಿಯಬೇಡಿ, ಸಂಬಳ ಏರಿದಾಗ ಏರಿದ್ದರಲ್ಲಿ ಸ್ವಲ್ಪ ಉಳಿಸುತ್ತೇನೆ ಅಂತ ಇವತ್ತೇ ಸಹಿ ಹಾಕಿ ಅಂತ. ನಲವತ್ತು ತಿಂಗಳಲ್ಲಿ ಅವರ ಉಳಿತಾಯ ಸಂಬಳದ ನೂರಕ್ಕೆ 3.5ರಿಂದ 13.6ಕ್ಕೆ ಏರಿತು. ಕೈಗೆ ಇನ್ನೂ ಬಾರದ ದುಡ್ಡನ್ನು ಬಿಟ್ಟುಕೊಡುವುದು ಯಾರಿಗೂ ನೋವಲ್ಲ.

ನಿಮ್ಮ ಬೋನಸ್ಸಿನಲ್ಲಿ ಮೂರರಲ್ಲಿ ಒಂದು ಪಾಲು ಚಿನ್ನಕ್ಕೆ, ಅದನ್ನು ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ. ಒಂದು ವರ್ಷ ಒಡವೆ, ಮುಂದಿನ ಎರಡು ವರ್ಷ ನಾಣ್ಯ ಅಥವಾ ಷೇರಿನ ಹಾಗೆ ಕೊಳ್ಳುವ ಕಾಗದದ ಚಿನ್ನ, ಗೋಲ್ಡ್ ಇಟಿಎಫ್. ಉಳಿದ ಎರಡು ಪಾಲಿನಲ್ಲಿ ಮೊದಲು ಇಬ್ಬರಿಗೂ ಟರ್ಮ್ ಇನ್ಶೂರೆನ್ಸ್ (ತೀರಿಕೊಂಡರೆ ಮಾತ್ರ ಮನೆಗೆ ದುಡ್ಡು ಬರುವ ಜೀವವಿಮೆ), ಮನೆಗೆಲ್ಲ ಸೇರಿ ಒಂದು ಆರೋಗ್ಯ ವಿಮೆ. ಕಂಪನಿ ಕೊಟ್ಟದ್ದು ಕೆಲಸ ಇರುವತನಕ ಮಾತ್ರ. ಇದರ ಬಗ್ಗೆ ನೀವು ಏನೂ ಬರೆದಿಲ್ಲ, ಹಾಗಾಗಿ ಇಲ್ಲ ಅಂತಲೇ ಹಿಡಿದಿದ್ದೇನೆ. ಎಫ್‌ಡಿ 6 ಲಕ್ಷ ಒಂದೇ ಬ್ಯಾಂಕಿನಲ್ಲಿದ್ದರೆ ಅವಧಿ ಮುಗಿದ ಮೇಲೆ ಎರಡು ಬ್ಯಾಂಕಿಗೆ ಹಂಚಿ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಅಂತ 2020ರ ಫೆಬ್ರವರಿಯಲ್ಲಿ ನಿಗದಿಯಾಗಿದೆ. ಬಡ್ಡಿಯೂ ಆ 5 ಲಕ್ಷದೊಳಗೇ ಸೇರುತ್ತದೆ. ಆ ಎಫ್‌ಡಿಯ ಹೆಸರನ್ನು "ಮಗಳ ದುಡ್ಡು" ಬದಲು "ಕೆಲಸ ಹೋದರೆ" ಅಂತ ಇಡಲು ಅವರು ಒಪ್ಪುತ್ತಾರಾ ಕೇಳಿ. ಕೆಲಸ ಹೋದಾಗ ಮಗಳನ್ನು ಅದೇ ಸ್ಕೂಲಿನಲ್ಲಿ ಉಳಿಸುವುದು ಆ ದುಡ್ಡೇ ಅಂತ ಹೇಳಿದರೆ ಒಪ್ಪಿಯಾರು.

ಮಗಳ ಕೈಗೆ ದುಡ್ಡು ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಿ. ವಾರಕ್ಕೆ 20 ರೂಪಾಯಿ, ಶನಿವಾರ ಬೆಳಿಗ್ಗೆ, ಚಿಲ್ಲರೆಯಲ್ಲಿ. ಫೋನಲ್ಲಿ ತೋರಿಸಿ "ನಿನ್ನ ದುಡ್ಡು ಇಲ್ಲಿದೆ" ಅನ್ನಬೇಡಿ, ನಾಣ್ಯ ಕೈಗೆ ಸಿಗಬೇಕು. ಏನು ತಗೊಂಡಳು ಅಂತ ಕೇಳಬಹುದು, ಯಾಕೆ ತಗೊಂಡೆ ಅಂತ ಬೇಡ. ಅವಳು ಆ ದುಡ್ಡಲ್ಲಿ ಎರಡು ದಿನಕ್ಕೆ ಮುರಿಯುವ ಪ್ಲಾಸ್ಟಿಕ್ ಬಳೆ ತರುತ್ತಾಳೆ, ನಿಮಗೆ ಬೈಯಬೇಕು ಅನ್ನಿಸುತ್ತದೆ, ತಡೆದುಕೊಳ್ಳಿ. ಕಳೆದುಕೊಂಡರೆ ಮುಂದಿನ ಶನಿವಾರದ ತನಕ ಮತ್ತೆ ಕೊಡಬೇಡಿ, ಅಜ್ಜ ಮೈಸೂರಿಂದ ಬಂದು ಗುಟ್ಟಾಗಿ ಕೊಡದ ಹಾಗೆ ಅವರಿಗೂ ಹೇಳಿಡಿ. ಅವರು ಕೇಳುವುದಿಲ್ಲ, ಆದರೂ ಹೇಳಿ.